ಸೈಕಲ್ ಸ್ವಾಮಿಗಳ ಮೌನ

ಟಿ.ಬಿ. ಡ್ಯಾಮಿನ ಕ್ವಾರ್ಟರ್ಸ್ ಹಿಂದೆ, ಬೇವಿನ ಮರದ ನೆರಳಲ್ಲಿ ಒಂದು ಸಣ್ಣ ಕಾಲುವೆ ಆಫೀಸಿದೆ. ಅಲ್ಲಿನ ಗುಮಾಸ್ತ ಉಜ್ಜಿನಪ್ಪ ಸುಳ್ಳುಗಾರನೇನಲ್ಲ. "ಸಾಹೇಬ್ರು ಮೀಟಿಂಗಿನ್ಯಾಗ ಅದಾರ", "ನಿಮ್ಮ ಕಾಗದ ಮ್ಯಾಲ ಹೋಗೈತಿ", "ಸೋಮವಾರ ಬರ್ರಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದದ್ದು ನಿಜ. ಆದರೆ ಅದು ನೌಕರಿಯ ಭಾಗ, ಅದನ್ನು ಸುಳ್ಳಿನ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ನಲವತ್ತೇಳು ವರ್ಷದ ಆಯುಷ್ಯದಲ್ಲಿ ಅವನು ಹೇಳಿದ ಅಪ್ಪಟ ಸುಳ್ಳು ಒಂದೇ ಒಂದು. ಅದನ್ನೂ ಬಾಯಲ್ಲಿ ಬಿಸಿ ಮಿರ್ಚಿ ಇಟ್ಟುಕೊಂಡು ಹೇಳಿದ್ದರಿಂದ ಅರ್ಧ ತಪ್ಪು ಮಿರ್ಚಿಗೂ ಸೇರಬೇಕು.

ಮಿರ್ಚಿ ದ್ಯಾಮಕ್ಕನದು. ಆಫೀಸಿನ ಗೇಟಿನ ಪಕ್ಕ ಒಂದು ಸ್ಟೋವು, ಒಂದು ಬಾಣಲೆ, ಒಂದು ಹರಕು ಛತ್ರಿ, ಇಷ್ಟೇ ಅವಳ ಅಂಗಡಿ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಕಾಲೆರಡೂ ಸೋತಿದ್ದವು. ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಹೊಸಪೇಟೆಯಿಂದ ದಿನಾ ಐದು ಕಿಲೋಮೀಟರ್ ಬರುತ್ತಿದ್ದಳು. ಅವಳ ಕೈಯಲ್ಲಿ ಬಲ ಜಾಸ್ತಿ, ಬಾಯಲ್ಲಿ ಅದಕ್ಕಿಂತ ಜಾಸ್ತಿ. ಉಜ್ಜಿನಪ್ಪನ ಹೊಟ್ಟೆಯ ಮುಕ್ಕಾಲು ಭಾಗ ಅವಳ ಬಾಣಲೆಯಿಂದಲೇ ಬಂದದ್ದೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ದಿನ ಹೊಸದಾಗಿ ಬಂದಿದ್ದ ಎಂಜಿನಿಯರ್ ಲಿಂಗರಾಜ್ ಒಂದು ಕಾಗದ ಹಿಡಿದುಕೊಂಡು ಗೇಟಿಗೆ ಬಂದ. ವಯಸ್ಸು ಇಪ್ಪತ್ತೆಂಟು, ಒಂದು ಬೆರಳಲ್ಲಿ ಎತ್ತಬಹುದಾದ ಗೇರ್ ಸೈಕಲ್ಲಿನ ಒಡೆಯ. ಯಾವುದೋ ದಾನಿಗಳ ಸಂಸ್ಥೆಯವರು ಜನವರಿಯ ಕೊನೆಯ ಭಾನುವಾರ ಸೈಕಲ್ ಸವಾರಿ ಇಟ್ಟುಕೊಂಡಿದ್ದರು. ಡ್ಯಾಮಿನಿಂದ ಹೊರಟು ಹೊಸಪೇಟೆ, ಕಮಲಾಪುರ, ಕಂಪ್ಲಿ. ತಿರುಗಿ ಹೊಸಪೇಟೆಗೆ ಬಂದು, ಘಾಟಿ ಹತ್ತಿ ಸಂಡೂರು. ಹತ್ತಿರ ಹತ್ತಿರ ನೂರು ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಹೊರಟವರು ಸಂಜೆ ನಾಲ್ಕರೊಳಗೆ ಮುಟ್ಟಬೇಕು. ಪ್ರತಿಯೊಬ್ಬ ಸವಾರ ತನ್ನ ಹೆಸರಿನ ಮುಂದೆ ನಡೆಯಲಾಗದವರೊಬ್ಬರ ಹೆಸರು ಬರೆಸಬೇಕು. ಅವನು ಸಂಡೂರು ಮುಟ್ಟಿದರೆ ಅವರಿಗೊಂದು ಮೋಟಾರಿನ ಮೂರು ಚಕ್ರದ ಗಾಡಿ, ಮುಟ್ಟದಿದ್ದರೆ ಇಲ್ಲ.

"ನೂರು ಕಿಲೋಮೀಟರ್ ಅಂದ್ರೆ ಹುಡುಗಾಟ ಅಲ್ಲ. ನಮ್ಮ ಆಫೀಸಿನಿಂದ ನಾನೊಬ್ಬನೇ ಅನ್ಸುತ್ತೆ," ಎಂದ ಲಿಂಗರಾಜ್.

ಉಜ್ಜಿನಪ್ಪ ಮಿರ್ಚಿಯನ್ನು ಎಡದವಡೆಗೆ ತಳ್ಳಿದ. "ಅದೇನ್ ಮಹಾ ಬಿಡ್ರಿ ಸರ್. ನಾವು ಕಾಲೇಜಿಗೆ ಕಂಪ್ಲಿಯಿಂದ ಹೊಸಪೇಟಿಗೆ ದಿನಾ ಸೈಕಲ್ ಮ್ಯಾಲ ಹೋಗಿ ಬರತಿದ್ವಿ."

"ದಿನಾ ಅರವತ್ತು ಕಿಲೋಮೀಟರಾ?"

"ಮಳಿಗಾಲದಾಗ ಕಾಲುವಿ ದಂಡಿ ಹಿಡದು ಹೋದ್ರ ಎಪ್ಪತ್ತಾಗತಿತ್ತು."

ಆ ಎಪ್ಪತ್ತನ್ನು ಸೇರಿಸದೆ ಇದ್ದಿದ್ದರೆ ಲಿಂಗರಾಜ್ ನಗುತ್ತಿದ್ದನೋ ಏನೋ. ಇಷ್ಟು ಖಚಿತವಾಗಿ ಹೇಳುವ ಮನುಷ್ಯನನ್ನು ನಂಬದೆ ಇರುವುದು ಹೇಗೆ? ಅವನು ಪೆನ್ನು ತೆಗೆದ. ಉಜ್ಜಿನಪ್ಪನಿಗೂ ಪೆನ್ನಿನ ಭಯವಿರಲಿಲ್ಲ. ಅವನ ಅನುಭವದಲ್ಲಿ ಬರೆದುಕೊಂಡ ಕಾಗದ ಮುಂದಕ್ಕೆ ಹೋದದ್ದೇ ಇಲ್ಲ. "ಬರಕೊಳ್ರಿ ಸರ್. ನನ್ನ ಹೆಸರಿನ ಮುಂದ ನಮ್ಮ ದ್ಯಾಮಕ್ಕನ ಹೆಸರು ಹಾಕ್ರಿ," ಎಂದು ದೊಡ್ಡ ಮನುಷ್ಯನಂತೆ ಕೈ ಬೀಸಿದ.

ದ್ಯಾಮಕ್ಕ ಸ್ಟೋವು ಆರಿಸಿದಳು. ಹತ್ತು ವರ್ಷದಲ್ಲಿ ಮಧ್ಯಾಹ್ನದ ಹೊತ್ತು ಆ ಸ್ಟೋವು ಆರಿದ್ದನ್ನು ಯಾರೂ ಕಂಡಿರಲಿಲ್ಲ.

"ಖರೇನ ಸಾಹೇಬ್ರ?"

"ಖರೇನ ದ್ಯಾಮಕ್ಕ. ಗಾಡಿ ಬಂತಂತ ತಿಳಕೋ."

"ಮೋಟಾರಿನ ಗಾಡಿ ಬಂದ್ರ ನಾನು ಹಂಪಿಗೆ ಹೋಗ್ತೀನ್ರಿ. ಇಲ್ಲೇ ಹುಟ್ಟಿ ಇಲ್ಲೇ ಬೆಳದೀನಿ, ಹಂಪಿ ನೋಡಿದ್ದು ಎರಡ ಸಲ. ಅಲ್ಲಿ ಅಂಗಡಿ ಹಚ್ಚಿ ಫಾರಿನ್ನವ್ರ ಕಣ್ಣಾಗ ನೀರು ತರಸ್ತೀನಿ ನೋಡ್ರಿ, ಮಿರ್ಚಿ ತಿನ್ನಿಸಿ." ಅವಳದೇ ಕಣ್ಣಲ್ಲಿ ನೀರಿತ್ತು. ಸೆರಗಿನಿಂದ ಒರೆಸಿಕೊಂಡವಳೇ ಉಜ್ಜಿನಪ್ಪನ ತಟ್ಟೆಯಲ್ಲಿದ್ದ ಎರಡನೆಯ ಮಿರ್ಚಿಯನ್ನು ಪಟಕ್ಕನೆ ವಾಪಸ್ ತೆಗೆದುಕೊಂಡಳು. "ಇನ್ನ ನಿಮಗ ಮಿರ್ಚಿ ಬಂದ್. ಚಾನೂ ಬಂದ್. ಗಾಡಿ ಬಂದ ದಿನ ಮೊದಲನೇ ಬಾಣಲಿ ಮಿರ್ಚಿ ಪೂರಾ ನಿಮಗ. ಅಲ್ಲೀತನಕ ಈ ಕಡೆ ವಾಸನೀಗೂ ಬರಬ್ಯಾಡ್ರಿ."

ಮನೆಯಲ್ಲಿ ಸುದ್ದಿ ಕೇಳಿದ ಹೆಂಡತಿ ಗಂಗಾಂಬಿಕಾ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಅವಳ ತವರೂ ಕಂಪ್ಲಿಯೇ, ಓದಿದ್ದೂ ಅದೇ ಕಾಲೇಜೇ.

"ಅಲ್ರಿ, ನೀವು ಕಾಲೇಜಿಗೆ ಸೈಕಲ್ ಮ್ಯಾಲ ಬರತಿದ್ರ? ಮತ್ತ ಏಳೂವರಿ ಬಸ್ಸಿನ್ಯಾಗ ನನ್ನ ಹಿಂದಿನ ಸೀಟಿನ್ಯಾಗ ಬಾಯಿ ತೆರಕೊಂಡು ಮಲಗತಿದ್ದವ್ರು ಯಾರು?"

"ಲೇ ಗಂಗಾ, ಮೆಲ್ಲಕ. ಕ್ವಾರ್ಟರ್ಸ್ ಗ್ವಾಡಿ ತೆಳ್ಳಗ ಅದಾವ."

"ಒಂದಿನ ಇಳಿಯೂದ ಮರತು ಡಿಪೋಕ್ಕ ಹೋಗಿದ್ರಿ. ಬಸ್ಸು ತೊಳಿಯವ್ರು ಎಬ್ಬಿಸಿ ಕಳಿಸಿದ್ರು."

"ಆತು ತಾಯಿ, ಆತು. ನಾಳೆ ಮಣಕಾಲು ನೋವು ಅಂತ ಹೇಳಿ ನನ್ನ ಹೆಸರು ತಗಸ್ತೀನಿ."

"ನಿಮ್ಮ ಹೆಸರು ತಗಸ್ತೀರಿ. ದ್ಯಾಮಕ್ಕನ ಹೆಸರು?" ಎಂದು ಕೇಳಿ ಗಂಗಾಂಬಿಕಾ ಮತ್ತೆ ಮೊರ ಎತ್ತಿಕೊಂಡಳು.

ಮರುದಿನ ಅವನು ಮಣಕಾಲು ಹಿಡಿದುಕೊಂಡೇ ಆಫೀಸಿಗೆ ಹೋದ. ಗೇಟಿನಲ್ಲಿ ದ್ಯಾಮಕ್ಕ ಹೋಗಿಬರುವವರಿಗೆಲ್ಲ ಪುಕ್ಕಟೆ ಮಿರ್ಚಿ ಕೊಡುತ್ತಿದ್ದಳು. ತನ್ನ ಹಳೆಯ ಗಾಡಿಯನ್ನು ಮರಿಯಮ್ಮನಹಳ್ಳಿಯಲ್ಲಿರುವ ಚಿಕ್ಕಮ್ಮನ ಮಗಳಿಗೆ ಕೊಡುತ್ತೇನೆಂದು ಆಗಲೇ ಹೇಳಿ ಕಳಿಸಿದ್ದಳು. ಆ ಹುಡುಗಿ ತೆವಳಿಕೊಂಡು ಓಡಾಡುತ್ತಾಳಂತೆ. ಉಜ್ಜಿನಪ್ಪ ಮಣಕಾಲು ಬಿಟ್ಟು ನೆಟ್ಟಗೆ ನಿಂತ. ಅವನ ಎದೆಯಲ್ಲಿ ನಿಜವಾದ ಭಯ ಹುಟ್ಟಿದ್ದು ಆಗಲೇ.

ಕಂಪ್ಲಿಯ ಮಾವನ ಮನೆಯಿಂದ ಸೈಕಲ್ ಬಂತು. ಮಾವ ಹಾಲಿನ ಕ್ಯಾನು ಕಟ್ಟಿ ಓಡಿಸುತ್ತಿದ್ದ ಕರಿ ಸೈಕಲ್ಲು. ಲಿಂಗರಾಜನ ಸೈಕಲ್ಲನ್ನು ಅದರ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಹೋಗಬಹುದಿತ್ತು. ಚಡ್ಡಿ ಹಾಕಿಕೊಂಡು ರಸ್ತೆಗಿಳಿಯುವುದು ಸರ್ಕಾರಿ ನೌಕರನ ಮರ್ಯಾದೆಗೆ ತಕ್ಕದ್ದಲ್ಲವೆಂದು ಅವನು ಹಟ ಹಿಡಿದಾಗ, ಗಂಗಾಂಬಿಕಾ ತನ್ನ ತಮ್ಮನ ಮದುವೆಗೆ ಹೊಲಿಸಿದ್ದ ಬಿಳಿ ಜುಬ್ಬ, ಬಿಳಿ ಪೈಜಾಮ ತೆಗೆದುಕೊಟ್ಟಳು. ಮೊದಲ ದಿನ ಅವನು ಕ್ವಾರ್ಟರ್ಸ್ ಕೊನೆಯ ನೀರಿನ ಟ್ಯಾಂಕಿನವರೆಗೆ ಹೋಗಿ ಅದರ ಕಟ್ಟೆಯ ಮೇಲೆ ಮಲಗಿದ. ಎರಡನೆಯ ದಿನವೂ ಅಲ್ಲಿಯೇ ಮಲಗಿದ, ಆದರೆ ಕಡಿಮೆ ಹೊತ್ತು. ಹದಿನೈದು ದಿನ ಕಳೆಯುವ ಹೊತ್ತಿಗೆ ಹೊಸಪೇಟೆ ದಾಟಿ ಸಂಡೂರು ರಸ್ತೆಯಲ್ಲಿ ಘಾಟಿಯ ಬುಡ ಮುಟ್ಟುತ್ತಿದ್ದ. ಬೆಳಗಿನ ತಂಪು ಗಾಳಿಯಲ್ಲಿ ಇಳಿಜಾರು ಸಿಕ್ಕಾಗ ಕಾಲೇಜು ಹುಡುಗನಂತೆ "ಹೋ" ಎಂದು ಕೂಗಬೇಕೆನ್ನಿಸುತ್ತಿತ್ತು. ಕೂಗಲು ಉಸಿರು ಮಾತ್ರ ಇರುತ್ತಿರಲಿಲ್ಲ.

ಎಡವಟ್ಟು ಶುರುವಾದದ್ದು ಆ ಉಸಿರಿನಿಂದ ಮತ್ತು ಆ ಬಟ್ಟೆಯಿಂದ. ಸಂಡೂರು ರಸ್ತೆ ಎಂದರೆ ಅದಿರಿನ ಲಾರಿಗಳ ರಸ್ತೆ. ಅಲ್ಲಿ ಬಿಳಿಯದ್ದು ಬಿಳಿಯಾಗಿ ಉಳಿಯುವುದಿಲ್ಲ. ಲಾರಿ ಒಂದು ಹೋದರೆ ಕೆಂಪು ಧೂಳು ಎದ್ದು ಮರ, ಮನೆ, ಎಮ್ಮೆ, ಮನುಷ್ಯ ಎಲ್ಲವನ್ನೂ ಒಂದೇ ಬಣ್ಣ ಮಾಡುತ್ತದೆ. ಗಂಗಾಂಬಿಕಾ ಮೂರು ತರದ ಸಾಬೂನು ಹಾಕಿ ಕುಕ್ಕಿದಳು, ಬಿಸಿನೀರಲ್ಲಿ ನೆನೆಹಾಕಿದಳು. ನಾಲ್ಕನೆಯ ವಾರಕ್ಕೆ ಜುಬ್ಬ ಪೈಜಾಮ ಎರಡೂ ಅಪ್ಪಟ ಕಾವಿ. ಬೆಳಿಗ್ಗೆ ಬೇಗ ಹೊರಡುತ್ತಿದ್ದರಿಂದ ಗಡ್ಡ ಹೆರೆಯಲೂ ಪುರಸೊತ್ತಿರಲಿಲ್ಲ. ತಲೆಗೆ ಸುತ್ತಿದ ಟವೆಲ್ಲೂ ಅದೇ ಬಣ್ಣಕ್ಕೆ ತಿರುಗಿತ್ತು.

ಘಾಟಿಯ ಬುಡದ ಚಾದಂಗಡಿಯವನು ಒಂದು ದಿನ ಲೋಟ ಹಿಡಿದು ರಸ್ತೆಗೇ ಬಂದ. "ಬರ್ರಿ ಯಜಮಾನ್ರ, ಕುಂದ್ರಿ. ಯಾವೂರಾತು?" ಉಜ್ಜಿನಪ್ಪನಿಗೆ ಊರು ಗೊತ್ತಿತ್ತು, ಹೇಳಲು ಉಸಿರಿರಲಿಲ್ಲ. ಚಹಾ ದ್ಯಾಮಕ್ಕನ ಆಜ್ಞೆಯಂತೆ ಬಂದ್. ಬೇಡ ಎನ್ನಲು ಬಲಗೈ ಎತ್ತಿ ಅಂಗೈ ತೋರಿಸಿ ಮುಂದಕ್ಕೆ ಹೋದ. ಚಾದಂಗಡಿಯವನು ನಿಂತಲ್ಲೇ ನಿಂತ. ಕಾವಿ ಬಟ್ಟೆ, ಗಡ್ಡ, ಮಾತಿಲ್ಲ, ಚಹಾ ಮುಟ್ಟುವುದಿಲ್ಲ, ಕೈಯೆತ್ತಿ ಆಶೀರ್ವಾದ! ಮಧ್ಯಾಹ್ನದ ಹೊತ್ತಿಗೆ ಆ ರಸ್ತೆಯ ಲಾರಿ ಡ್ರೈವರುಗಳಿಗೆಲ್ಲ ಒಬ್ಬ ಮೌನ ಸ್ವಾಮಿಗಳು ಘಾಟಿ ಹತ್ತುತ್ತಿದ್ದಾರೆಂದು ಗೊತ್ತಾಗಿತ್ತು. ಮರುದಿನದಿಂದ ಲಾರಿಗಳು ಅವನನ್ನು ಕಂಡರೆ ಹಾರ್ನ್ ಹೊಡೆಯದೆ ನಿಧಾನಕ್ಕೆ ಪಕ್ಕಕ್ಕೆ ಸರಿಯತೊಡಗಿದವು. ತನ್ನ ಸವಾರಿಯಲ್ಲಿ ಗತ್ತು ಬಂದಿದೆಯೆಂದು ಉಜ್ಜಿನಪ್ಪ ತಿಳಿದುಕೊಂಡ.

ಭಾನುವಾರಗಳಲ್ಲಿ ಅವನು ಕಮಲಾಪುರದ ಕಡೆ ಹೋಗುತ್ತಿದ್ದ. ಅಲ್ಲಿ ಬಾಳೆತೋಟದ ಎರ್ರಿಯಪ್ಪನ ಎಮ್ಮೆ ಎರಡು ದಿನದಿಂದ ಕಾಣೆಯಾಗಿತ್ತು. ಮುಂದೆ ನಡೆದದ್ದನ್ನು ಎರ್ರಿಯಪ್ಪ ಒಂದು ತರ ಹೇಳುತ್ತಾನೆ, ನಡೆದದ್ದು ಇಷ್ಟು. ಉಜ್ಜಿನಪ್ಪ ಬೆವರು ಸುರಿಸುತ್ತ ಬಂದು ಅವನೆದುರು ಸೈಕಲ್ ನಿಲ್ಲಿಸಿದ. ಬಾಯಿ ಒಣಗಿತ್ತು, ನೀರು ಬೇಕಾಗಿತ್ತು. ಎರ್ರಿಯಪ್ಪ ಕೈ ಮುಗಿದು, "ಯಪ್ಪಾ, ಎಮ್ಮಿ ಕಳದೈತ್ರಿ, ಎಲ್ಲಿ ಹುಡುಕಲಿ?" ಎಂದ. ಉಜ್ಜಿನಪ್ಪ ಏದುಸಿರು ಬಿಡುತ್ತ, ತೋಟದಾಚೆ ಮಿನುಗುತ್ತಿದ್ದ ಕಾಲುವೆಯ ಕಡೆ ಬೊಟ್ಟು ಮಾಡಿದ. ನೀರು ತಂದುಕೊಡಪ್ಪ ಎಂದು ಅದರ ಅರ್ಥ. ಎರ್ರಿಯಪ್ಪ ಎದ್ದುಬಿದ್ದು ಕಾಲುವೆಗೆ ಓಡಿದ. ಜೊಂಡಿನ ಮರೆಯಲ್ಲಿ, ಕುತ್ತಿಗೆಯವರೆಗೆ ನೀರಿನಲ್ಲಿ ಎಮ್ಮೆ ಸುಖವಾಗಿ ಮಲಗಿತ್ತು. ಎಮ್ಮೆ ನೀರಿನಲ್ಲಲ್ಲದೆ ತಾಲ್ಲೂಕು ಕಚೇರಿಯಲ್ಲಿ ಮಲಗಿರುತ್ತದೆಯೇ ಎಂದು ಯಾರಿಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಕಮಲಾಪುರದ ದಾರಿಯಲ್ಲಿ ಇಪ್ಪತ್ತು ಜನ ನಿಂತಿದ್ದರು. ಅದರ ಮುಂದಿನ ಭಾನುವಾರ ಎಂಬತ್ತು. ಒಬ್ಬಳು ಮಗಳ ಪರೀಕ್ಷೆ ಕೇಳಿದಳು, ಒಬ್ಬ ಬೋರ್‌ವೆಲ್ ಎಲ್ಲಿ ಕೊರೆಸಲಿ ಎಂದು ಕೇಳಿದ. ಉಜ್ಜಿನಪ್ಪ ಬೆವರೊರೆಸಿಕೊಂಡರೆ ಒಂದು ಅರ್ಥ, ಕೆಮ್ಮಿದರೆ ಇನ್ನೊಂದು ಅರ್ಥ. ಹೊರಡುವಾಗ ಕ್ಯಾರಿಯರಿಗೆ ಗೊನೆಗಟ್ಟಲೆ ಸುಗಂಧಿ ಬಾಳೆ, ಹ್ಯಾಂಡಲ್ಲಿಗೆ ತೆಂಗಿನಕಾಯಿ ಚೀಲ ಕಟ್ಟುತ್ತಿದ್ದರು. ಅಷ್ಟು ಭಾರ ಹೊತ್ತು ಹದಿನೇಳು ಕಿಲೋಮೀಟರ್ ತುಳಿದು ತುಳಿದು ಅವನ ತೊಡೆ ಕಲ್ಲಿನಂತಾಯಿತು, ಹೊಟ್ಟೆ ಬೆಲ್ಟಿನ ಎರಡು ತೂತಿನಷ್ಟು ಒಳಗೆ ಹೋಯಿತು. ಯಾವ ಕೋಚೂ ಕೊಡದ ತಾಲೀಮು ಅದು.

ಐದು ನಿಮಿಷ ನಿಂತರೆ ಉಸಿರು ಬರುತ್ತಿತ್ತಲ್ಲ, ಆಗ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ? ಹೇಳಬಹುದಿತ್ತು. ಆದರೆ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಜನ ಅವನ ಟೇಬಲ್ಲಿನೆದುರು ನಿಂತು ಬಯ್ಯುವುದನ್ನಷ್ಟೇ ಕೇಳಿದ್ದವನು. ಈಗ ಅದೇ ಜನ ಕಾಲಿಗೆ ಬೀಳುತ್ತಿದ್ದರು. ಒಬ್ಬ ಮುದುಕಿ ಬೀಸಣಿಗೆಯಿಂದ ಗಾಳಿ ಬೀಸುತ್ತಿದ್ದಳು. ಅಂಥ ಹೊತ್ತಿನಲ್ಲಿ "ನಾನು ಗುಮಾಸ್ತ" ಎಂದು ಹೇಳಲು ನಾಲಿಗೆ ಹೊರಳಬೇಕಲ್ಲ.

ಕಂಪ್ಲಿಯಿಂದ ಅತ್ತೆ ಒಂದು ದಿನ ಗಂಗಾಂಬಿಕಾಳ ವಾಟ್ಸಾಪಿಗೆ ವಿಡಿಯೋ ಕಳಿಸಿ, ಹಿಂದೆಯೇ ಫೋನೂ ಮಾಡಿದಳು. "ಗಂಗೀ, ಇವ್ರು ಸೈಕಲ್ ಸ್ವಾಮಿಗಳಂತ. ಭಾಳ ಪವರ್ ಐತಂತ. ಅಳಿಯಂದ್ರನ್ನ ಒಂದ್ ಸಲ ಕರಕೊಂಡ್ ಹೋಗವ್ವ, ಅವ್ರ ಹೊಟ್ಟಿನಾದ್ರೂ ಕರಗೀತು."

ಗಂಗಾಂಬಿಕಾ ವಿಡಿಯೋ ನೋಡಿದಳು, ಎದುರಿಗೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದ ಗಂಡನನ್ನು ನೋಡಿದಳು. "ಮನ್ಯಾಗ ಒಂದ್ ತಾಸು ಸುಮ್ನ ಕುಂತವ್ರಲ್ಲ, ನಿಮಗ ಮೌನ ವ್ರತ ಅಂದ್ರ ನಂಬತಾರಲ್ರಿ! ಜಲ್ದಿ ಹೋಗಿ ಖರೇ ಹೇಳ್ರಿ."

"ಇನ್ನ ಹತ್ತ ದಿನ ಐತಿ ಗಂಗಾ. ಆಮ್ಯಾಲ ಯಾರಿಗೂ ನೆನಪಿರಂಗಿಲ್ಲ," ಎಂದ ಉಜ್ಜಿನಪ್ಪ. ಆಫೀಸಿನಲ್ಲಿ ಕಾಗದಗಳ ವಿಷಯಕ್ಕೂ ಅವನು ಹೀಗೆಯೇ ಹೇಳುತ್ತಿದ್ದ.

ಸವಾರಿಯ ದಿನ ಡ್ಯಾಮಿನೆದುರು ಅರವತ್ತು ಸೈಕಲ್ಲು. ಎಲ್ಲರಿಗೂ ನೀಲಿ ಟೀ ಶರ್ಟು, ಹೆಲ್ಮೆಟ್ಟು. ಕೊನೆಗೆ ಒಂದು ಟೆಂಪೋ. ದಾರಿಯಲ್ಲಿ ಸೋತವರನ್ನು ಸೈಕಲ್ ಸಮೇತ ಹೇರಿಕೊಳ್ಳಲು. ದ್ಯಾಮಕ್ಕ ಹೊಸ ಸೀರೆಯುಟ್ಟು ಆ ಟೆಂಪೋದ ಮುಂದಿನ ಸೀಟಿನಲ್ಲಿ ಕೂತಿದ್ದಳು. "ನನ್ನ ಗಾಡಿ ಹೆಂಗ ಬರತೈತಿ ಅಂತ ನಾನ ಕಣ್ಣಾರೆ ನೋಡಾಕಿ," ಎಂದು ಹಟ ಹಿಡಿದು ಹತ್ತಿಸಿಕೊಂಡಿದ್ದಳು. ಹಳೆಯ ಗಾಡಿ ಹಿಂದಿನ ದಿನವೇ ಮರಿಯಮ್ಮನಹಳ್ಳಿಗೆ ಹೋಗಿತ್ತು. ಅದು ತಿಳಿದ ಉಜ್ಜಿನಪ್ಪ ಪೆಡಲನ್ನು ಗಟ್ಟಿಯಾಗಿ ಒತ್ತಿದ.

ಬೆಳಿಗ್ಗೆ ಹೆಲ್ಮೆಟ್ಟುಗಳ ಗುಂಪಿನಲ್ಲಿ ಕಮಲಾಪುರ ದಾಟುವಾಗ ಅವನನ್ನು ಯಾರೂ ಗುರುತಿಸಲಿಲ್ಲ. ಕಂಪ್ಲಿಯಲ್ಲಿ ಒಂಬತ್ತೂವರೆ. ಲಿಂಗರಾಜ್ ಶುರುವಿನಲ್ಲಿ ಬಾಣದ ಹಾಗೆ ಹೋಗಿದ್ದವನು ಅಲ್ಲಿ ಎರಡೂ ಕಾಲಿನ ಮಾಂಸಖಂಡ ಹಿಡಿದುಕೊಂಡು, "ಅಮ್ಮಾ" ಎನ್ನುತ್ತ ಟೆಂಪೋ ಸೇರಿದ್ದ. ಉಜ್ಜಿನಪ್ಪನ ಕಾಲು ಗಟ್ಟಿಯಿತ್ತು, ಟೀ ಶರ್ಟು ಗಟ್ಟಿಯಿರಲಿಲ್ಲ. ಮಾವನ ಮನೆಯ ಮುಂದೆ ನೀರು ಕುಡಿಯಲು ಬಗ್ಗಿದಾಗ ಬೆನ್ನಿನ ಹೊಲಿಗೆ ಕತ್ತಿನಿಂದ ಸೊಂಟದವರೆಗೆ ಹರಿಯಿತು. ಗಂಗಾಂಬಿಕಾ ಹಿಂದಿನ ದಿನವೇ ತವರಿಗೆ ಬಂದಿದ್ದಳು. ಮುಂದಾಲೋಚನೆಯಿಂದ ಚೀಲದಲ್ಲಿ ಇಟ್ಟುಕೊಂಡಿದ್ದ ಜುಬ್ಬ ತೆಗೆದುಕೊಟ್ಟಳು. ಬೆವರಿಗೆ ಹೆಲ್ಮೆಟ್ಟು ತೆಗೆದು ಟವೆಲ್ ಸುತ್ತಿಕೊಂಡ. ಅತ್ತೆ ಬಾಗಿಲಲ್ಲಿ ನಿಂತವಳು ಅಳಿಯನ ಕಾವಿ ಬೆನ್ನನ್ನು ನೋಡಿ, ಫೋನು ನೋಡಿ, ಮತ್ತೆ ಬೆನ್ನು ನೋಡಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು.

ಹನ್ನೊಂದೂವರೆಗೆ ಅವನು ಮತ್ತೆ ಕಮಲಾಪುರ ಮುಟ್ಟಿದ. ಎಲ್ಲರಿಗಿಂತ ಹಿಂದೆ, ಒಬ್ಬನೇ, ಏದುಸಿರು ಬಿಡುತ್ತ. ಭಾನುವಾರವಾದ್ದರಿಂದ ಸ್ವಾಮಿಗಳು ಬಂದೇ ಬರುತ್ತಾರೆಂದು ಎರ್ರಿಯಪ್ಪ ಅಷ್ಟರೊಳಗೆ ರಸ್ತೆಗೆ ಅಡ್ಡವಾಗಿ ಚಪ್ಪರ ಹಾಕಿಸಿದ್ದ. ಬಾಳೆಕಂಬ, ಹಲಗೆವಾದ್ಯ, ಇನ್ನೂರು ಜನ. ಪಾದ ತೊಳೆಯಲು ತಾಮ್ರದ ಕೊಪ್ಪರಿಗೆ. ಆಮೇಲೆ ಊಟ.

ಉಜ್ಜಿನಪ್ಪ ಬಿಟ್ಟುಬಿಡಿ ಎಂದು ಎರಡೂ ಕೈ ಮುಗಿದ. "ನೋಡ್ರಿ, ನೋಡ್ರಿ, ಸ್ವಾಮಿಗಳು ನಮಗ ಕೈ ಮುಗಿತಾರ! ಎಂಥಾ ದೊಡ್ಡ ಮನಸು!" ಎಂದು ಜನ ಗಲ್ಲ ಗಲ್ಲ ಬಡಿದುಕೊಂಡರು. ದಾರಿ ಬಿಡಿ ಎಂದು ಹೊಸಪೇಟೆಯ ಕಡೆ ಕೈ ತೋರಿಸಿದ. "ಮೆರವಣಿಗಿ ಹೊಂಡ್ರಿ ಅಂತಾರ!" ಎಂದ ಎರ್ರಿಯಪ್ಪ. ವಾದ್ಯದವರು ಸೈಕಲ್ಲಿನ ಮುಂದೆ ನಿಂತು, ಹೆಜ್ಜೆಗೊಂದು ಸುತ್ತು ಕುಣಿಯುತ್ತ, ಅರ್ಧ ಗಂಟೆಯಲ್ಲಿ ನೂರು ಮಾರು ನಡೆದರು. ಹೊತ್ತಾಯಿತು ಎಂದು ಮಣಿಕಟ್ಟಿನ ಗಡಿಯಾರ ಬಡಿದು ತೋರಿಸಿದ. "ಟೈಮ್ ಸರಿ ಇಲ್ಲಂತ್ರಪ್ಪೋ!" ಎಂದು ಯಾರೋ ಕಿರುಚಿದ್ದೇ ತಡ, ಹೆಂಗಸರು ಅಳಲು ಶುರು ಮಾಡಿದರು. ಗಡಿಯಾರದಲ್ಲಿ ಹನ್ನೆರಡು ಹತ್ತು.

ಹಿಂದಿನಿಂದ ಟೆಂಪೋ ಬಂದು ನಿಂತಿತು. ದ್ಯಾಮಕ್ಕ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು. "ಸಾಹೇಬ್ರ! ಏನಿದು ಜಾತ್ರಿ? ಬಾಯಿ ಬಿಡ್ರಿ! ನನ್ನ ಗಾಡಿ, ಸಾಹೇಬ್ರ!" ಆ ಕೊನೆಯ ಮಾತು ಹೇಳುವಾಗ ಅವಳ ದೊಡ್ಡ ಗಂಟಲು ಒಡೆಯಿತು.

ಅದನ್ನು ಕೇಳಿ ಉಜ್ಜಿನಪ್ಪನಿಗೆ ತಡೆಯಲಾಗಲಿಲ್ಲ. ಸೈಕಲ್ಲಿನಿಂದ ಇಳಿದು, ಕೊಪ್ಪರಿಗೆ ಬೋರಲು ಹಾಕಿ ಅದರ ಮೇಲೆ ನಿಂತ. "ನಾನು ಸ್ವಾಮಿ ಅಲ್ರೋ!" ಎಂದು ಕೂಗಿದ. ಹಲಗೆ ನಿಂತಿತು. "ಕಾಲುವಿ ಆಫೀಸಿನ ಗುಮಾಸ್ತ! ಇದು ಕಾವಿ ಅಲ್ಲ, ಸಂಡೂರು ಧೂಳು! ಮೌನ ಅಲ್ಲ, ಉಸಿರು ಸಾಲಲಿಲ್ಲ! ಎರ್ರಿಯಪ್ಪ, ನಾನು ನಿನಗ ಎಮ್ಮಿ ತೋರಿಸಲಿಲ್ಲಪ್ಪ, ಕುಡಿಯಾಕ ನೀರು ಕೇಳಿದ್ದೆ! ಖರೇ ಹೇಳಾಕ ನಾಚಿಕಿ ಆತು, ನೀವು ಕಾಲಿಗೆ ಬಿದ್ರಿ ಅಂತ ಭಾಳ ಖುಷಿ ಆತು. ತಪ್ಪಾತು. ನಾನು ಕಾಲೇಜಿಗೂ ಬಸ್ಸಿನ್ಯಾಗ ಹೋಗೀನಿ! ಈಗ ನಾಲ್ಕಕ್ಕ ಸಂಡೂರು ಮುಟ್ಟಲಿಲ್ಲ ಅಂದ್ರ ಆ ಹೆಣ್ಮಗಳಿಗೆ ಗಾಡಿ ಬರಂಗಿಲ್ಲ. ಕಾಲಿಗೆ ನಾನ ಬೀಳತೀನಿ, ಬಿಡ್ರಿ!"

ಟೆಂಪೋದೊಳಗೆ ಲಿಂಗರಾಜ್, "ಬಸ್ಸಿನಲ್ಲಾ?" ಎಂದು ಎದ್ದು ಕೂತ, ಕಾಲು ಹಿಡಿದು ಮತ್ತೆ ಮಲಗಿದ.

ಎರ್ರಿಯಪ್ಪ ನಿಧಾನವಾಗಿ ಹತ್ತಿರ ಬಂದ. ಹೊಡೆಯುತ್ತಾನೆಂದು ಉಜ್ಜಿನಪ್ಪ ಕಣ್ಣು ಮುಚ್ಚಿದ.

"ಕಾಲುವಿ ಆಫೀಸಾ?" ಎಂದ ಎರ್ರಿಯಪ್ಪ. "ಡ್ಯಾಮಿನಾಗ, ಬೇವಿನ ಗಿಡದ ಕೆಳಗ ಐತಲ್ಲ, ಅದಾ?"

"ಹೂಂ."

"ನಮ್ಮ ತೋಟಕ್ಕ ನೀರು ಬಿಡೋ ತೂಬು ಒಡದು ನಾಲ್ಕ ವರ್ಷ ಆತು. ಅರ್ಜಿ ಕೊಟ್ಟೀವಿ. ಹೋದಾಗೆಲ್ಲ ಒಬ್ಬ ಹೊಟ್ಟಿ ಮನಶ್ಯಾ ಸೋಮವಾರ ಬಾ ಅಂತಿದ್ದ." ಎರ್ರಿಯಪ್ಪ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಹೊಟ್ಟಿ ಕರಗೈತಿ, ಅದಕ್ಕ ಗುರ್ತ ಸಿಗಲಿಲ್ಲ. ಲೇ, ಅರ್ಜಿ ನಕಲು ಯಾರ ಮನ್ಯಾಗ ಐತ್ಯೋ, ತಗೊಂಡ್ ಬರ್ರೋ! ಸಿಕ್ಕಾನ!"

ಸ್ವಾಮಿಯಾಗಿದ್ದಾಗ ಒಂದು ಗಂಟೆ ಹಿಡಿದಿದ್ದ ಜನ, ಗುಮಾಸ್ತನೆಂದು ಗೊತ್ತಾದ ಮೇಲೆ ಬೆಳಗಿನವರೆಗೂ ಬಿಡುವ ಲಕ್ಷಣ ಕಾಣಲಿಲ್ಲ. ಮೂವತ್ತು ಜನ ಮನೆಗೆ ಓಡಿದರು, ಉಳಿದವರು ಸೈಕಲ್ಲಿನ ಕ್ಯಾರಿಯರ್ ಹಿಡಿದು ನಿಂತರು. ಆಗ ದ್ಯಾಮಕ್ಕನ ದನಿ ಮತ್ತೆ ಬಂತು.

"ಏ ಅಣ್ಣಾರ, ನನ್ನ ಮಾತು ಕೇಳ್ರಿ! ಇವತ್ತ ಇವ್ರನ್ನ ಇಲ್ಲಿ ಹಿಡಕೊಂಡ್ರ ತೂಬು ರಿಪೇರಿ ಆಕ್ಕೈತೇನು? ಆ ಆಫೀಸಿನ ಗೇಟಿನ್ಯಾಗ ಕುಂದ್ರಾಕಿ ನಾನು. ನಾಳೆ ಸೋಮವಾರ ಬರ್ರಿ. ಇವ್ರು ತಪ್ಪಿಸಿಕೊಂಡು ಹೆಂಗ ಹೊರಗ ಹೋಗತಾರ ನಾನೂ ನೋಡ್ತೀನಿ. ಈಗ ಬಿಡ್ರಿ, ನನ್ನ ಗಾಡಿ ಬರಲಿ!"

ಎರ್ರಿಯಪ್ಪ ಯೋಚಿಸಿದ. "ಬಿಡ್ತೀವಿ," ಎಂದ. "ಆದ್ರ ಒಬ್ಬನ ಬಿಡಂಗಿಲ್ಲ. ನಡೀರಲೇ, ಗಾಡಿ ತಗೀರಿ!"

ಹೀಗೆ ಕಮಲಾಪುರದಿಂದ ಸಂಡೂರಿಗೆ ಒಂದು ಮೆರವಣಿಗೆ ಹೊರಟಿತು. ಅಂಥದ್ದನ್ನು ಆ ರಸ್ತೆ ಹಿಂದೆ ಕಂಡಿಲ್ಲ. ಮುಂದೆ ಕಾವಿ ಜುಬ್ಬದ ಗುಮಾಸ್ತ, ಹಿಂದೆ ಇಪ್ಪತ್ತೈದು ಬೈಕುಗಳಲ್ಲಿ ಐವತ್ತು ಅರ್ಜಿದಾರರು, ಕೊನೆಗೆ ಟೆಂಪೋ. ಹೊಸಪೇಟೆಯ ಸರ್ಕಲ್ಲಿನಲ್ಲಿ ಪೊಲೀಸಪ್ಪ ಮಂತ್ರಿಗಳು ಬಂದರೆಂದು ತಿಳಿದು ಎರಡೂ ಕಡೆ ವಾಹನ ನಿಲ್ಲಿಸಿ ಸಲ್ಯೂಟ್ ಹೊಡೆದ. ಉಜ್ಜಿನಪ್ಪ ನಿಧಾನ ಮಾಡಿದರೆ ಸಾಕು, ಹಿಂದಿನಿಂದ "ತೂಬು! ತೂಬು!" ಎಂಬ ಘೋಷಣೆ ಏಳುತ್ತಿತ್ತು. ಘಾಟಿಯಲ್ಲಿ ಚಾದಂಗಡಿಯವನು ಕೈ ಮುಗಿದು ನಿಂತಿದ್ದ. ಉಜ್ಜಿನಪ್ಪ ಮತ್ತೆ ಕೈಯೆತ್ತಿದ; ಹೇಳಲು ಬೇಕಾದಷ್ಟಿತ್ತು, ಉಸಿರಿರಲಿಲ್ಲ. ತೊಡೆ ಉರಿಯಿತು, ಕಣ್ಣು ಕತ್ತಲೆಗಟ್ಟಿತು. ಮಾವನ ಸೈಕಲ್ಲಿನಲ್ಲಿ ಈ ಸಲ ಬಾಳೆಗೊನೆಯೂ ಇರಲಿಲ್ಲ, ತೆಂಗಿನಕಾಯಿಯೂ ಇರಲಿಲ್ಲ. ಆ ಹಗುರ ಅವನಿಗೆ ಗೊತ್ತಾದದ್ದು ಕೊನೆಯ ತಿರುವಿನಲ್ಲಿ. ಎದ್ದು ನಿಂತು ತುಳಿದ. ಘಾಟಿಯ ತುದಿಯಲ್ಲಿ ಗಾಳಿ ಬಡಿಯಿತು, ಇಳಿಜಾರು ಸಿಕ್ಕಿತು, ಅವನ ಎದೆಯೊಳಗಿಂದ ಎರಡು ತಿಂಗಳು ಕಟ್ಟಿಕೊಂಡಿದ್ದ ಆ "ಹ್ಹೋ!" ಹೊರಬಂತು. ಹಿಂದಿನ ಐವತ್ತು ಜನವೂ "ಹ್ಹೋ!" ಎಂದರು.

ಸಂಡೂರಿನ ಶಾಮಿಯಾನದಲ್ಲಿ ಸಂಸ್ಥೆಯವರು ಕುರ್ಚಿ ಮಡಚುತ್ತಿದ್ದರು. ಗಡಿಯಾರದಲ್ಲಿ ಮೂರು ಐವತ್ತೇಳು. ಉಜ್ಜಿನಪ್ಪ ಸೈಕಲ್ ಸಮೇತ ಕೊನೆಯ ಗೆರೆಯ ಹಗ್ಗದೊಳಗೆ ನುಗ್ಗಿ ಒಂದು ಕುರ್ಚಿಯ ಮೇಲೆ ಬಿದ್ದ. ಟೆಂಪೋದಲ್ಲಿ ದ್ಯಾಮಕ್ಕ ಎರಡೂ ಕೈಯಿಂದ ಲಿಂಗರಾಜನ ನೋಯುವ ಕಾಲನ್ನೇ ಬಡಿಯುತ್ತ, "ಬಂತ್ರೀ, ನನ್ನ ಗಾಡಿ ಬಂತ್ರೀ!" ಎಂದು ಕೂಗುತ್ತಿದ್ದಳು. ಲಿಂಗರಾಜನೂ ಕೂಗುತ್ತಿದ್ದ, ಬೇರೆ ಕಾರಣಕ್ಕೆ.

ಸೋಮವಾರ ಹತ್ತು ಗಂಟೆಗೆ ಎರ್ರಿಯಪ್ಪ ಆಫೀಸಿನಲ್ಲಿದ್ದ. ತೂಬಿನ ಕಾಗದಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ. ಕುರ್ಚಿ ತಗ್ಗಾಯಿತೆಂದು ಉಜ್ಜಿನಪ್ಪ ನಾಲ್ಕು ವರ್ಷದಿಂದ ಅಡಿಯಲ್ಲಿ ಹಾಕಿಕೊಂಡು ಕೂತಿದ್ದ ಕಡತಗಳಲ್ಲಿ ಅದು ಎರಡನೆಯದು. ಲಿಂಗರಾಜ್ ಅಂದೇ ಸಹಿ ಮಾಡಿ, ಕೆಲಸ ಮುಗಿಯುವವರೆಗೆ ವಾರಕ್ಕೊಮ್ಮೆ ಯಾರಾದರೂ ಸ್ಥಳಕ್ಕೆ ಹೋಗಿ ನೋಡಿಬರಬೇಕೆಂದ. "ಜೀಪು ಕೆಟ್ಟಿದೆ. ಉಜ್ಜಿನಪ್ಪನವ್ರೇ, ನಿಮಗೆ ಕಾಲೇಜಿನಿಂದಲೂ ರೂಢಿ ಇದೆಯಲ್ಲ," ಎಂದು ನಗದೆ ಹೇಳಿದ.

ಹಾಗಾಗಿ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಉಜ್ಜಿನಪ್ಪ ಕಮಲಾಪುರದ ಏರಿನಲ್ಲಿ ಸೈಕಲ್ ತುಳಿಯುತ್ತಿದ್ದ. ಹಿಂದಿನಿಂದ ಹೊಸ ಹಾರ್ನು ಕೇಳಿಸಿತು. ಹಿಂದಿನ ಸಂಜೆಯಷ್ಟೇ ಕೈಸೇರಿದ್ದ ಕೆಂಪು ಬಣ್ಣದ ಮೋಟಾರು ಗಾಡಿ ಪಕ್ಕಕ್ಕೆ ಬಂತು. ಹಿಂದೆ ಸ್ಟೋವು, ಬಾಣಲೆ, ಹೊಸ ಛತ್ರಿ. ದ್ಯಾಮಕ್ಕನ ತಲೆಗೂದಲು ಗಾಳಿಗೆ ಹಾರುತ್ತಿತ್ತು. ಹಂಪಿಗೆ ಹೊರಟಿದ್ದಳು.

"ಸಾಹೇಬ್ರ! ಮಾತು ಮರತಿಲ್ಲ ನೋಡ್ರಿ. ಮೊದಲನೇ ಬಾಣಲಿ, ಪೂರಾ ನಿಮಗ!" ಎಂದು ಒಂದು ಕೈಯಲ್ಲಿ ಬಿಸಿಬಿಸಿ ಪೊಟ್ಟಣ ಚಾಚಿದಳು. ಮೂರು ತಿಂಗಳ ಮೇಲೆ ಮಿರ್ಚಿಯ ವಾಸನೆ ಉಜ್ಜಿನಪ್ಪನ ಮೂಗಿಗೆ ಬಡಿಯಿತು. ಬಾಯಲ್ಲಿ ನೀರು ತುಂಬಿತು. ನಿಲ್ಲು ತಾಯಿ, ಒಂದು ನಿಮಿಷ ನಿಲ್ಲು, ಸೈಕಲ್ ನಿಲ್ಲಿಸಿ ತೊಗೊಳ್ತೀನಿ ಎಂದು ಹೇಳಬೇಕೆಂದುಕೊಂಡ. ಏರು ಕಡಿದಾಗಿತ್ತು, ಉಸಿರಿರಲಿಲ್ಲ. ಬಲಗೈ ಎತ್ತಿ ಅಂಗೈ ತೋರಿಸಿದ.

ದ್ಯಾಮಕ್ಕ ಬೆರಗಾಗಿ ನೋಡಿದಳು. "ಇನ್ನೂ ಬ್ಯಾಡ ಅಂತೀರಾ? ಏನ್ ಮನಸು ಗಟ್ಟಿ ಮಾಡೀರಿ ಸಾಹೇಬ್ರ, ಖರೇ ಸ್ವಾಮಿನ ಆದ್ರಿ ಬಿಡ್ರಿ!" ಎಂದು ಕೈ ಮುಗಿದು, ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಗಾಡಿಯನ್ನು ಭರ್ರೆಂದು ಹಂಪಿಯ ಕಡೆ ಬಿಟ್ಟಳು.

ಉಜ್ಜಿನಪ್ಪ ಹಲ್ಲು ಕಚ್ಚಿ, ಎದ್ದು ನಿಂತು, ಮಿರ್ಚಿಯ ಹಿಂದೆ ತುಳಿಯತೊಡಗಿದ.